ಎಡಗಾಲಿನ ಒಳಮೈ

ಸೋಡರ್‌ಹಾಮ್ನಿನಲ್ಲಿ ನವೆಂಬರು; ಮೂರು ಗಂಟೆಗೇ ಕತ್ತಲು.
ಮೇಜಿನ ದೀಪ ಹಚ್ಚಿ, ಭೂತಗನ್ನಡಿ ಎಳೆದುಕೊಂಡು
ವಿಗ್ಗೆನ್ನಿಗೆ ಕಾಲು ಕೂರಿಸುತ್ತಿದ್ದೇನೆ.
ವಿಗ್ಗೆನ್ ಅಂದರೆ ಸಿಡಿಲು.
ಕೆರೆಯಲ್ಲಿ ಮುಳುಗೇಳುವ ಜುಟ್ಟುಬಾತಿಗೂ ಅದೇ ಹೆಸರು.
ನಲವತ್ತೆಂಟರಲ್ಲಿ ಒಂದು ಪಾಲಿನ ಸಿಡಿಲು
ಹಳೆಯ ಟವೆಲಿನ ಮೇಲೆ ಅಂಗಾತ ಬಿದ್ದು
ಚಡ್ಡಿ ಬದಲಿಸಲು ಬಿಟ್ಟುಕೊಟ್ಟ ಕೂಸಿನ ಹಾಗೆ
ಸುಮ್ಮನಿದೆ.

ರೆಕ್ಕೆ ಯಾರು ಬೇಕಾದರೂ ಅಂಟಿಸಿಯಾರು.
ಕಾಲು ಹಾಗಲ್ಲ.
ಈ ವಿಮಾನ ಇಳಿಯುವುದೇ ಬೀಳುವ ಹಾಗಂತೆ,
ಕಾಡಿನ ನಡುವಿನ ಡಾಂಬರು ರಸ್ತೆಗೆ, ಪೈನ್ ಮರಗಳ ಸಂದಿಗೆ.
ಎಲ್ಲವನ್ನೂ ಹೊರಬೇಕಾದದ್ದು ಕಾಲು.

ಹಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಇದ್ದು
ನಾನು ಮನೆಗೆ ತಂದದ್ದು ನಾಲ್ಕು ಕೊಕ್ಕೆ, ಒಂದು ಪುಟ್ಟ ಕನ್ನಡಿ.
ಕೂದಲಿನಷ್ಟು ಸೀಸದ ತಂತಿ ಬ್ರೇಕಿನ ನಳಿಗೆ.
ಉಸಿರು ಬಿಟ್ಟರೆ ಹಾರಿಹೋಗುತ್ತದೆ,
ಬಿಡುವುದಿಲ್ಲ.
ಟೈರಿಗೆ ಕಪ್ಪು ಬಳಿಯುವವರು ಟೈರು ನೋಡಿದವರಲ್ಲ;
ಅದು ಮಳೆಯಲ್ಲಿ ನೆನೆದು ಒಣಗಿದ ಸ್ಲೇಟಿನ ಬಣ್ಣ.
ತಳವನ್ನು ಮರಳುಕಾಗದಕ್ಕೆ ಎರಡು ಸಲ ಉಜ್ಜಿದರೆ
ಹದಿನೈದು ಟನ್ನು ಬಂದು ಕೂತುಬಿಡುತ್ತದೆ.

ಆಮೇಲೆ ನನಗೆ ಬಲು ಇಷ್ಟವಾದ ಕೆಲಸ: ಕೊಳೆ.
ಸುಟ್ಟ ಮಣ್ಣಿನ ಬಣ್ಣವನ್ನು ಟರ್ಪೆಂಟೈನಿನಲ್ಲಿ ಕದಡಿ
ಕೀಲಿಗೆ ಮುಟ್ಟಿಸುವುದು; ಅದು ತಾನೇ ಬಿರುಕು ಹುಡುಕಿಕೊಂಡು ಓಡುತ್ತದೆ,
ಸುದ್ದಿ ಓಡಿದ ಹಾಗೆ.
ಬ್ರೇಕಿನ ಪುಡಿ, ರಸ್ತೆಯ ಉಪ್ಪು, ಎಣ್ಣೆಯ ಜಾರು...
ಮೂರು ರಾತ್ರಿ ಕೂತು ಆರು ಗಾಲಿಗೂ ಮೆತ್ತಿದೆ.

ಕೆಳಮನೆಯ ಸಿಕ್ಸ್ಟೆನ್ ಮೆಟ್ಟಿಲೇರಿ ಬಂದ,
ಏಲಕ್ಕಿ ಬನ್ನಿನ ಪೊಟ್ಟಣ ಹಿಡಿದು.
ಎಂಬತ್ತೊಂದು. ಒಂದು ಕಾಲಕ್ಕೆ ಇವೇ ಕಾಲುಗಳ ಮೆಕ್ಯಾನಿಕ್ಕು.
ಭೂತಗನ್ನಡಿಗೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.
"ಚೆನ್ನಾಗಿದೆ ಗುನ್ವೋರ್," ಅಂದ.
"ಆದರೆ ಇಷ್ಟು ಹೊಲಸು ಯಾರದು?"

"ಬಳಸಿದ್ದು ಕಾಣಬೇಕಲ್ಲ" ಅಂದೆ.

"ಬಳಸಿದ್ದೆವು. ಸಂಜೆ ಒರೆಸುತ್ತಿದ್ದೆವು.
ಮೈನಸ್ ಇಪ್ಪತ್ತೆಂಟರಲ್ಲಿ ಕೈಚೀಲ ಬಿಚ್ಚಿ,
ಚಿಂದಿ ಹಿಡಿದು, ಈ ಕೀಲು, ಈ ಕೊಳವೆ, ಈ ಮೊಳಕೈ.
ಒರೆಸದಿದ್ದರೆ ಸೋರುವುದು ಹೇಗೆ ಗೊತ್ತಾಗಬೇಕು?
ನೀನು ಬರೆದಿರುವುದು ಅದರ ವಯಸ್ಸಲ್ಲ ಮಾರಾಯ್ತಿ,
ನನ್ನ ಸೋಮಾರಿತನ."

ಬನ್ನು ತಿಂದೆವು. ಯಾರೂ ಮಾತಾಡಲಿಲ್ಲ.
ನಾನು ಹತ್ತಿಕಡ್ಡಿ ತೆಗೆದುಕೊಂಡೆ.
ಮೂರು ರಾತ್ರಿಯ ಕೊಳೆ ಇಳಿಯಲು
ಒಂದೂವರೆ ಗಂಟೆ ಸಾಕಾಯಿತು.
ಅವನು ನೋಡುತ್ತಲೇ ಇದ್ದ, ಅವನ ಬೆರಳುಗಳು
ತೊಡೆಯ ಮೇಲೆ ತಾವೇ ಒರೆಸುತ್ತಿದ್ದವು.

ಎಡಗಾಲಿಗೆ ಬಂದಾಗ "ತಡಿ" ಅಂದ.

ಒಂದು ಜನವರಿ. ಫೋನು ಬಂದಿತ್ತು, ಮಗಳು ಹುಟ್ಟಿದಳೆಂದು.
ಒಳಮೈ ಒರೆಸದೆ ಕಾಗದಕ್ಕೆ ಸಹಿ ಹಾಕಿ ಓಡಿದ್ದ.
ಬೆಳಿಗ್ಗೆ ಬಂದರೆ ಅಲ್ಲೊಂದು ಕೆಂಪು ಎಣ್ಣೆಯ ಗೆರೆ,
ಗೇಣುದ್ದ, ಹೆಪ್ಪುಗಟ್ಟಿದ್ದು.
ವಿಮಾನ ಆಗಲೇ ಒಂದು ಸಲ ಹೋಗಿ ಬಂದಿತ್ತು.
"ಏನೂ ಆಗಲಿಲ್ಲ," ಅಂದ.
"ಆಗಿದ್ದರೆ ಯಾರಿಗಾದರೂ ಹೇಳಬಹುದಿತ್ತು."

ಗೇಣನ್ನು ನಲವತ್ತೆಂಟರಿಂದ ಭಾಗಿಸಿದೆ.
ಎಳ್ಳುಕಾಳಿಗಿಂತ ತುಸು ಉದ್ದ.
ಅತಿ ಸಣ್ಣ ಕುಂಚ, ಅದರಲ್ಲೂ ಒಂದೇ ರೋಮ,
ಕೆಂಪಿಗೆ ಚೂರು ಕಂದು.
ಹೊರಗಿನಿಂದ ಕಾಣದು. ಮಾದರಿಯನ್ನು ಎತ್ತಿ
ಹಲ್ಲಿನ ಕನ್ನಡಿ ಒಳಗಿಟ್ಟರೆ ಮಾತ್ರ.

ಯಾವ್ಲೆಯ ಸ್ಪರ್ಧೆಯಲ್ಲಿ ತೀರ್ಪುಗಾರರು ಬರೆದರು:
ಕೆಲಸ ಅಚ್ಚುಕಟ್ಟು. ಕಾಲುಗಳಲ್ಲಿ ಬಳಕೆಯ ಗುರುತು ಸಾಲದು.
ಏಳು ಅಂಕ ಕಡಿತ.
ಸಿಕ್ಸ್ಟೆನ್ ಆ ಚೀಟಿಯನ್ನು ಎರಡು ಸಲ ಓದಿಸಿಕೊಂಡು,
ಮಡಿಸಿ ಅಂಗಿಯ ಜೇಬಿಗೆ ಹಾಕಿ,
ಮೇಲಿನಿಂದೊಮ್ಮೆ ತಟ್ಟಿಕೊಂಡ.